ಎಲುಬು ಗಟ್ಟಿಯಾಗುವ ವಯಸ್ಸು

ಎಲುಬಿನ ಮಾತು ಬಂದರೆ ನಮಗೆ ನೆನಪಾಗುವವರು ಮುದುಕಿಯರು. ಇಂಡಿ, ಸಿಂದಗಿಯ ಬಸ್ ನಿಲ್ದಾಣಗಳಲ್ಲಿ ಸೊಂಟಕ್ಕೆ ಕೈಕೊಟ್ಟು ಏಳುವ ಆಯಿ, ನಮಾಜಿನ ಚಾಪೆಯಿಂದ ಗೋಡೆ ಹಿಡಿದು ಏಳುವ ದಾದಿಮಾ. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಆ ನೋವಿನ ಬೇರು ಹಲವು ವೇಳೆ ಅವರ ಬಾಲ್ಯದಲ್ಲೇ ಇರುತ್ತದೆ. ಹೆಣ್ಣುಮಗಳ ದೇಹ ತನ್ನ ಎಲುಬಿನ ಗಟ್ಟಿತನದಲ್ಲಿ ಶೇಕಡಾ 90ರಷ್ಟನ್ನು 18ರ ಹೊತ್ತಿಗೇ ಕೂಡಿಟ್ಟುಕೊಂಡಿರುತ್ತದೆ. ಅದರಲ್ಲೂ 11ರಿಂದ 14ರ ನಡುವಿನ ವರ್ಷಗಳಲ್ಲಿ ಈ ಗಳಿಕೆ ಬಲು ವೇಗವಾಗಿ ನಡೆಯುತ್ತದೆ. ಮುಂದಿನ ಬಸಿರು, ಬಾಣಂತನ, ಮುಪ್ಪು ಎಲ್ಲಕ್ಕೂ ಇದೇ ಆಧಾರ.

13ರಿಂದ 15ರ ಹುಡುಗಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿತು. ನಮ್ಮ ಜೋಳದ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಆದರೆ 100 ಗ್ರಾಂ ಜೋಳದಲ್ಲಿರುವ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಅಲ್ಲ. ರಾಗಿಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚಿದೆ. ಸಂಕ್ರಾಂತಿಗೆ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳು ಒಂದು ದೊಡ್ಡ ಚಮಚವಿದ್ದರೆ ಸುಮಾರು 100 ಮಿಲಿಗ್ರಾಂ ಸಿಗುತ್ತದೆ. ನುಗ್ಗೆಸೊಪ್ಪು, ಹುರುಳಿ, ಮೊಸರು ಎಲ್ಲವೂ ನಮ್ಮ ಕೈಗೆಟಕುವ ಪದಾರ್ಥಗಳೇ. ಆದರೆ ಮೊಸರಿನ ಕೆನೆ ಗಂಡುಮಗನ ತಾಟಿಗೆ, ಮಜ್ಜಿಗೆ ಮಗಳ ತಾಟಿಗೆ ಎಂಬ ಪದ್ಧತಿಯನ್ನು ಎಷ್ಟೋ ಮನೆಗಳಲ್ಲಿ ನಾವು ಕಂಡಿದ್ದೇವೆ.

ಮನೆಯಲ್ಲಿ ಸಿಗದ್ದನ್ನು ಶಾಲೆ ಒಂದಿಷ್ಟು ತುಂಬಿಕೊಡುತ್ತಿದೆ. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ ಸಿಗುವುದು 150 ಮಿಲಿಲೀಟರ್ ಹಾಲು. ಅದರಲ್ಲಿ ಅಂದಾಜು 180 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಆರಿಸಿದ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಇತ್ತು. ಆಗ ಪರ ವಿರೋಧದ ಮಾತು ಬಹಳ ನಡೆದವು, ಬೇಡವೆಂದವರಿಗೆ ಬಾಳೆಹಣ್ಣು ಕೊಡಲಾಯಿತು. 2024ರ ಫೆಬ್ರುವರಿಯಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಎಲುಬಿನ ಔಷಧವೆಂದು ತಿಳಿಯಬಾರದು. ಅದು ರಕ್ತಹೀನತೆಗೆ ಕೊಡುವ ಕಬ್ಬಿಣಾಂಶ. ಹಾಲಿನೊಡನೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ನೀರಿನ ಕಡೆಗೂ ಗಮನ ಬೇಕು. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಎಲುಬು, ಕೀಲುಗಳು ಬಿಗಿಯುತ್ತವೆ. ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಹಾನಿ ಹೆಚ್ಚು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಇಷ್ಟಾದರೂ ಉಣಿಸಿದ್ದೆಲ್ಲ ಎಲುಬಿಗೆ ಸೇರಬೇಕಾದರೆ ಬಿಸಿಲೂ ಓಟವೂ ಬೇಕು. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ 'ಡಿ' ಜೀವಸತ್ವವಿಲ್ಲದೆ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತದು. ಓಡಿ, ಜಿಗಿದು, ಭಾರ ಬಿದ್ದಾಗಲೇ ಎಲುಬು ಬಲಿಯುವುದು. ಆದರೆ ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ನಾವು ಕಂಡದ್ದು ಒಂದೇ. ಆರನೆಯ ಇಯತ್ತೆಯವರೆಗೆ ಖೋಖೋ ಆಡುತ್ತಿದ್ದ ಹುಡುಗಿ 'ದೊಡ್ಡವಳಾದ' ಮೇಲೆ ಮೈದಾನದ ಅಂಚಿಗೆ ಸರಿಯುತ್ತಾಳೆ. ಇದು ಒಂದು ಧರ್ಮದವರ ಕಥೆಯಲ್ಲ. ಎಲುಬು ಅತಿ ವೇಗವಾಗಿ ಬೆಳೆಯುವ ಹೊತ್ತಿಗೇ ನಾವು ಅವಳ ಓಟ ನಿಲ್ಲಿಸುತ್ತೇವೆ. ಪರ್ದಾ ಪಾಲಿಸುವ ಮನೆಗಳಲ್ಲೂ ಅಂಗಳ, ಮಾಳಿಗೆಗಳ ಬಿಸಿಲಿಗೆ, ಹಗ್ಗದಾಟಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನೊಂದು ಕಟು ಸತ್ಯವಿದೆ. ಶಾಲೆಯ ಹಾಲು ಶಾಲೆಗೆ ಬರುವವಳಿಗೆ ಮಾತ್ರ. ತಂದೆತಾಯಿ ಗುಳೆ ಹೋದರೆಂದು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿದವಳಿಗೆ, ಎಂಟನೆಯ ಇಯತ್ತೆಗೇ ಓದು ಬಿಟ್ಟವಳಿಗೆ, ಹದಿನಾರಕ್ಕೆ ಮದುವೆಯಾದವಳಿಗೆ ಆ ಲೋಟ ತಲುಪುವುದಿಲ್ಲ. ತನ್ನ ಎಲುಬೇ ಇನ್ನೂ ಬಲಿಯದವಳು ಹೊಟ್ಟೆಯೊಳಗಿನ ಕೂಸಿನ ಎಲುಬಿಗೂ ಕೊಡಬೇಕಾಗುತ್ತದೆ. ಹುಡುಗಿಯನ್ನು ಹತ್ತನೆಯ ಇಯತ್ತೆಯವರೆಗಾದರೂ ಶಾಲೆಯಲ್ಲಿ ಉಳಿಸುವುದೇ ಮೊದಲ ಮದ್ದು ಎಂದು ನಾವು ಹೇಳುವುದು ಇದಕ್ಕಾಗಿ.

ಮುದ್ದೇಬಿಹಾಳವಾಗಲಿ, ಬಸವನ ಬಾಗೇವಾಡಿಯಾಗಲಿ, ಶಾಲೆಯ ಎಸ್‌ಡಿಎಂಸಿ ಸಭೆಗೆ ತಂದೆಯರ ಜೊತೆ ತಾಯಂದಿರೂ ಹೋಗಬೇಕು. ಹೋದಾಗ ಮೂರು ಪ್ರಶ್ನೆ ಕೇಳಬೇಕು: ಕುಡಿಯುವ ನೀರಿನ ಫ್ಲೋರೈಡ್ ಪರೀಕ್ಷೆ ಯಾವಾಗ ಆಗಿದೆ? ಹಾಲು, ರಾಗಿ ಮಾಲ್ಟ್ ದಿನ ತಪ್ಪದೆ ಸಿಗುತ್ತಿದೆಯೇ? ಆಟದ ಪಿರಿಯಡ್‌ನಲ್ಲಿ ನಮ್ಮ ಹುಡುಗಿಯರು ಆಡುತ್ತಾರೆಯೇ, ಇಲ್ಲ ಗಿಡದ ನೆರಳಲ್ಲಿ ಕುಳಿತಿರುತ್ತಾರೆಯೇ?