ಮನೆಯ ಮುಂದಿನ ನೆರಳು

ಕಳೆದ ವರ್ಷದ ಬೇಸಗೆಯಲ್ಲಿ ನಾವು ಸೊಲ್ಲಾಪುರದಲ್ಲಿ ಮನೆಯೊಂದನ್ನು ಕೊಳ್ಳಲು ಹೊರಟೆವು. ಅಕ್ಕಲಕೋಟೆ ತಾಲೂಕಿನ ಹಳ್ಳಿಯಲ್ಲಿ ಒಂಟಿಯಾಗಿದ್ದ ತಂದೆಯವರನ್ನು ನಮ್ಮೊಡನೆ ಇರಿಸಿಕೊಳ್ಳಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಅವರು ಮನೆಯ ಬೆಲೆಯನ್ನು ಕೇಳಲಿಲ್ಲ, ಕೋಣೆಗಳೆಷ್ಟೆಂದೂ ಕೇಳಲಿಲ್ಲ. “ಸಂಜೀಕ ಹೋಗಿ ಕೂಡಾಕ ಹತ್ರ ಒಂದು ಗಿಡ ಐತೇನು?” ಎಂದಷ್ಟೇ ಕೇಳಿದರು. ನಾವು ಬರೆದುಕೊಂಡಿದ್ದ ಪಟ್ಟಿಯಲ್ಲಿ ಆ ಪ್ರಶ್ನೆಗೆ ಸ್ಥಳವೇ ಇರಲಿಲ್ಲ.

ಆದರೆ ಸೊಲ್ಲಾಪುರದ ಬಿಸಿಲನ್ನು ಬಲ್ಲವರಿಗೆ ಆ ಪ್ರಶ್ನೆಯ ತೂಕ ತಿಳಿದೀತು. ಪಾದರಸವು 40 ಡಿಗ್ರಿಯನ್ನು ದಾಟುವ ಈ ಒಣನಾಡಿನಲ್ಲಿ ನೀರು, ನೆರಳು, ಬಯಲು ಇವು ಅಲಂಕಾರದ ವಸ್ತುಗಳಲ್ಲ, ಬಾಳಿನ ಅಗತ್ಯಗಳು. ಹನ್ನೆರಡನೆಯ ಶತಮಾನದಲ್ಲಿಯೇ ಸೊನ್ನಲಿಗೆಯ ಸಿದ್ಧರಾಮರು ಇದನ್ನು ಅರಿತು ಕೆರೆಯನ್ನು ಕಟ್ಟಿಸಿದರು. ಇಂದಿಗೂ ಊರಿನ ನಡುವೆ ಆ ಕೆರೆ, ಅದರ ನಡುವೆ ದೇವಾಲಯ, ಪಕ್ಕದಲ್ಲಿ ಕೋಟೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಬಂದು ಸೇರುವ ಹೋಮ್ ಮೈದಾನವೂ ಸಮೀಪದಲ್ಲಿಯೇ ಇದೆ. ಅಲ್ಲಿಗೆ ಅನತಿದೂರದ ಚೌಕಕ್ಕೆ ಜನರು ‘ಪಾರ್ಕ್ ಚೌಕ’ವೆಂದೇ ಹೆಸರಿಟ್ಟಿದ್ದಾರೆ. 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಶನ್ ಸಾರಡಾ ಮತ್ತು ಜಗನ್ನಾಥ ಶಿಂದೆ, ಈ ನಾಲ್ವರು ಹುತಾತ್ಮರ ಪ್ರತಿಮೆಗಳನ್ನು ಆ ಪರಿಸರದಲ್ಲಿ ಕಾಣಬಹುದು. ಊರು ತನ್ನ ನೆನಪುಗಳನ್ನು ಇರಿಸಿಕೊಳ್ಳುವುದೂ ಬಯಲಿನಲ್ಲಿಯೇ ಅಲ್ಲವೆ?

ಕೆರೆ, ಉದ್ಯಾನಗಳ ಸಮೀಪದ ಮನೆಗಳಿಗೆ ಬೆಲೆ ಹೆಚ್ಚೆಂಬುದು ನಮಗೆ ಬೇಗನೆ ಮನವರಿಕೆಯಾಯಿತು. ಇದು ಹೊಸ ಮಾತೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲಿನ ಎದುರುದಂಡೆಯಲ್ಲಿರುವ ಬರ್ಕನ್‌ಹೆಡ್ ಪಟ್ಟಣದಲ್ಲಿ 1847ರಲ್ಲಿ ಸಾರ್ವಜನಿಕ ಉದ್ಯಾನವನ್ನು ತೆರೆದಾಗ, ಅದರ ಸುತ್ತಲಿನ ನಿವೇಶನಗಳನ್ನು ಮಾರಿ ಉದ್ಯಾನದ ವೆಚ್ಚವನ್ನು ತುಂಬಿಕೊಳ್ಳುವ ಯೋಜನೆಯನ್ನು ಹಾಕಿದ್ದರು. ಹಸಿರಿಗೆ ಎದುರಾಗಿರುವ ಬಾಗಿಲಿಗೆ ಜನರು ಹೆಚ್ಚು ಹಣ ಕೊಡುವರೆಂಬುದನ್ನು ಅಂದಿನವರೂ ಬಲ್ಲವರಾಗಿದ್ದರು.

ಮನೆ ಮಾರುವವರೂ ಅದನ್ನು ಬಲ್ಲರು. ಹೊಸ ಬಡಾವಣೆಯೊಂದರಲ್ಲಿ ನಮಗೆ ತೋರಿಸಿದ ನಕ್ಷೆಯ ಮಧ್ಯದಲ್ಲಿ ಹಚ್ಚಹಸಿರಿನ ಚೌಕವೊಂದಿತ್ತು. ಬೆಲೆಯೂ ನಮ್ಮ ಕೈಗೆಟುಕುವಂತಿತ್ತು. ಮುಂಗಡ ಕೊಡುವ ಮುನ್ನಾದಿನ ಸಂಜೆ, ಯಾರಿಗೂ ತಿಳಿಸದೆ, ತಂದೆಯವರನ್ನು ಕರೆದುಕೊಂಡು ನಾವು ಅಲ್ಲಿಗೆ ಹೋದೆವು. ಹಸಿರಿನ ಚೌಕದಲ್ಲಿ ಇಟ್ಟಿಗೆಯ ಚೂರುಗಳ ರಾಶಿ, ಸುತ್ತಲೂ ತಂತಿಬೇಲಿ. ಐದು ವರ್ಷಗಳಿಂದಲೂ ಹೀಗೆಯೇ ಇದೆಯೆಂದು ಎದುರುಮನೆಯವರು ಹೇಳಿದರು. ತಂದೆಯವರು ಮಾತನಾಡದೆ ಹಿಂದಿರುಗಿ ನಡೆದರು.

ಇಂಥ ಸಂದರ್ಭಗಳಿಗಾಗಿಯೇ ಕಾಯಿದೆಗಳಿವೆ. ಮಹಾರಾಷ್ಟ್ರದಲ್ಲಿ 2020ರ ಏಕೀಕೃತ ನಿಯಮಾವಳಿಯಂತೆ 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ, ಹಾಗೂ ಅದಕ್ಕೆ ಮೇಲ್ಪಟ್ಟ ಬಡಾವಣೆಯಲ್ಲಿ ನೂರಕ್ಕೆ 10ರಷ್ಟು ಜಾಗವನ್ನು ವಿಹಾರಕ್ಕಾಗಿ ತೆರವಾಗಿ ಬಿಡಬೇಕು. ನಗರದ ಅಭಿವೃದ್ಧಿ ಯೋಜನೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗದ ವಿಚಾರ ಬೇರೆ. 10 ವರ್ಷಗಳಲ್ಲಿ ಅದನ್ನು ಸ್ವಾಧೀನಪಡಿಸಿಕೊಳ್ಳದಿದ್ದರೆ, 1966ರ ನಗರರಚನಾ ಕಾಯಿದೆಯಂತೆ ಮಾಲೀಕರು ನೋಟೀಸು ಕೊಟ್ಟು, ಮುಂದೆ ಮೀಸಲಾತಿಯು ರದ್ದಾಗಲೂಬಹುದು. ಆದುದರಿಂದ ಮಾರುವವರ ಬಣ್ಣದ ನಕ್ಷೆಯನ್ನು ನಂಬದೆ, ಮಂಜೂರಾದ ನಕ್ಷೆಯನ್ನು ಮಹಾನಗರಪಾಲಿಕೆಯಲ್ಲಿ ನೋಡುವುದು ಲೇಸು. ಒಗ್ಗಟ್ಟಾಗಿ ನಿಂತ ನಿವಾಸಿಗಳಿಗೆ ಜಯವೂ ದೊರೆತಿದೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಉದ್ಯಾನದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟುದನ್ನು 1991ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ತಂದೆಯವರನ್ನು ಊರಿಗೆ ಬಿಡಲು ಹೋಗುವಾಗ ಅಕ್ಕಲಕೋಟೆಯ ದಾರಿಯಲ್ಲಿ ಕುಂಭಾರಿ ಬಂದಿತು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10 ಸಾವಿರ ಮನೆಗಳು 2006ರಲ್ಲಿ ಕೈಸೇರಿದುದು ಇಲ್ಲಿಯೇ. ಸ್ವಂತ ಸೂರೇ ಕನಸಾಗಿದ್ದವರಿಗೆ ಉದ್ಯಾನದ ಆಯ್ಕೆ ಎಲ್ಲಿಯದು? ನೆರಳನ್ನು ಹಣ ಕೊಟ್ಟು ಕೊಳ್ಳಬಲ್ಲ ನಾವು ಭಾಗ್ಯವಂತರು. ಕೊಳ್ಳಲಾರದವರ ಓಣಿಗೇ ಸಾರ್ವಜನಿಕ ಉದ್ಯಾನವು ಮೊದಲು ಬರಬೇಕೆಂದು ನಮಗೆ ತೋರಿತು.

ಅಕ್ಕಲಕೋಟೆಯಲ್ಲಿ ವಟವೃಕ್ಷ ಮಂದಿರಕ್ಕೆ ಹೋದೆವು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರು ಕುಳಿತಿರುತ್ತಿದ್ದ ಆಲದ ಮರದ ಹೆಸರೇ ಆ ಮಂದಿರಕ್ಕೆ. ಒಂದು ಮರದ ಆಶ್ರಯದಲ್ಲಿ ಊರಿಗೆ ಊರೇ ಬೆಳೆದುದನ್ನು ಕಂಡಮೇಲೆ ತಂದೆಯವರ ಪ್ರಶ್ನೆಯು ನಮಗೆ ಚಿಕ್ಕದಾಗಿ ಕಾಣಲಿಲ್ಲ.

ಕೊನೆಗೆ ವಿಜಾಪುರ ರಸ್ತೆಯಲ್ಲಿ, ಸಂಭಾಜಿ ಕೆರೆಗೆ ನಡೆದುಹೋಗುವಷ್ಟು ದೂರದಲ್ಲಿ, ಒಂದು ಕೋಣೆ ಕಡಿಮೆಯಿರುವ ಹಳೆಯ ಮನೆಯನ್ನು ಕೊಂಡೆವು. ಸಾಲವು ನಾವೆಣಿಸಿದ್ದಕ್ಕಿಂತ ಹೆಚ್ಚೇ ಆಯಿತು. ಮಕ್ಕಳು ಒಂದೇ ಕೋಣೆಯಲ್ಲಿ ಓದುತ್ತಾರೆ.

ಮೊದಲ ವಾರ ತಂದೆಯವರು ಬೇವಿನ ಮರದಡಿ ಒಬ್ಬರೇ ಕುಳಿತು ಬಂದರು. ಎರಡನೆಯ ವಾರ ತಡವಾಗಿ ಬಂದರು. ನಾವು ಗಾಬರಿಯಿಂದ ಹುಡುಕಿಕೊಂಡು ಹೋದರೆ, ಮೂವರು ಹಿರಿಯರ ನಡುವೆ ಕುಳಿತು ತೊಗರಿಯ ಬೆಳೆಯ ಮಾತನಾಡುತ್ತಿದ್ದರು. ಅದೂ ಅಚ್ಚ ಕನ್ನಡದಲ್ಲಿ. ಅಂಗಡಿಯಲ್ಲಿ, ಕಚೇರಿಯಲ್ಲಿ ಮರಾಠಿಯನ್ನಾಡುವ ಆ ಹಿರಿಯರಿಗೆ ಮನೆಮಾತು ಹೊರಬರಲು ಒಂದು ನೆರಳು ಬೇಕಾಗಿತ್ತು.

ಮನೆ ಕೊಳ್ಳಹೊರಟ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಕೋಣೆಗಳನ್ನು ಎಣಿಸಿರಿ, ಕಾಗದಪತ್ರಗಳನ್ನು ಪರೀಕ್ಷಿಸಿರಿ, ಆಮೇಲೆ ಒಂದು ಸಂಜೆ ಮನೆಯ ಹಿರಿಯರೊಡನೆ ಆ ಓಣಿಯಲ್ಲಿ ನಡೆದುನೋಡಿರಿ.