ವಾಲ್ವ್ ಕೆಂಪಾಯ್ತು, ನನ್ನ ಮುಖ ಕಪ್ಪಾಯ್ತು!

ಸಿನಿಮಾದಲ್ಲಿ ಹೀರೋ ಗಿಟಾರ್ ಹಿಡಿದರೆ ಸಾಕು. ವೈರೂ ಬೇಡ, ಆಂಪ್ಲಿಫೈಯರೂ ಬೇಡ, ಬೆಟ್ಟದ ತುದಿಯಲ್ಲಿ ನಿಂತು ಬಾರಿಸಿದರೂ ಸೊಗಸಾಗಿ ಕೇಳುತ್ತೆ! ನಮ್ಮಂಥ ಆರ್ಕೆಸ್ಟ್ರಾ ಹುಡುಗರ ಕಥೆ ಹಾಗಲ್ಲ ಸ್ವಾಮಿ. ನಮ್ಮ ಬೆನ್ನ ಹಿಂದೆ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ 5 ಗಾಜಿನ ವಾಲ್ವು. ಅವು ಬೆಳಗಿದರೆ ನಾವು ಹೀರೋ, ಆರಿದರೆ ಜೋಕರ್. ನಾನು ಜೋಕರ್ ಆದ ರಾತ್ರಿಯಿಂದಲೇ ಶುರು ಮಾಡುತ್ತೇನೆ.

1984ರ ಗಣೇಶನ ಹಬ್ಬ. ತುಮಕೂರಿನ ಒಂದು ಪೆಂಡಾಲು. ನನಗೆ 20 ವರ್ಷ. ‘ಗೀತಾ’ ಬಂದು 3 ವರ್ಷವಾಗಿತ್ತು. ಆ ಚಿತ್ರದಲ್ಲಿ ಶಂಕರ್‌ನಾಗ್ ಕೈಯಲ್ಲಿ ಗಿಟಾರ್ ಕಂಡ ಮೇಲೆ ನಮ್ಮೂರಿನ ಅರ್ಧ ಹುಡುಗರಿಗೆ ಓದು ಹತ್ತಲಿಲ್ಲ; ಉಳಿದರ್ಧಕ್ಕೆ ಮೊದಲೇ ಹತ್ತಿರಲಿಲ್ಲ, ಅದು ಬೇರೆ ಮಾತು. ಸಂಗೀತ ಕೊಟ್ಟ ಇಳಯರಾಜಾ ಸ್ವತಃ ಗಿಟಾರ್ ವಾದಕರು, ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ದುಡಿದವರು. ಹಾಗಾಗಿ ಆ ಹಾಡುಗಳಲ್ಲಿ ಗಿಟಾರ್ ಅಂದರೆ ಒಗ್ಗರಣೆಯಲ್ಲ, ಸಾರೇ ಅದು!

ಆ ರಾತ್ರಿ ಮೂರನೇ ಹಾಡು. ಪಲ್ಲವಿ ಮುಗಿಯಿತು. ಚರಣಕ್ಕೆ ಮುಂಚಿನ ಬಿ.ಜಿ.ಎಂ. ನನ್ನದು. ಒಂದು ತಿಂಗಳು ರಾತ್ರಿ ಕೂತು ಬೆರಳು ಸವೆಸಿದ್ದೆ. ಎರಡು ಸ್ವರ ಬಾರಿಸಿದೆನೋ ಇಲ್ಲವೋ, ಹಿಂದಿನಿಂದ ಸುಟ್ಟ ವಾಸನೆ! ತಿರುಗಿ ನೋಡುತ್ತೇನೆ, ಎರಡು ಪವರ್ ವಾಲ್ವಿನ ಒಳಗಿನ ತಗಡು ಕಮ್ಮಾರನ ಕುಲುಮೆಯ ಕಬ್ಬಿಣದ ಹಾಗೆ ಕೆಂಪಗಾಗಿದೆ. ‘ಗರ್‌ರ್’ ಅಂತ ಒಂದು ಸದ್ದು… ಅಷ್ಟೇ. ಡ್ರಮ್ಸಿನವನು ಪಾಪ ಇನ್ನೂ ಬಡಿಯುತ್ತಲೇ ಇದ್ದ. ಜನ ಶಿಳ್ಳೆ ಹೊಡೆದರು. ಯಾವನೋ ಕೂಗಿದ, “ಲೇ, ಕಾಸು ವಾಪಸ್ ಕೊಡ್ರೋ!” ಫ್ರೀ ಪ್ರೋಗ್ರಾಮು ಸ್ವಾಮಿ, ಯಾವ ಕಾಸು?

ಆ ಪೆಟ್ಟಿಗೆ ಕಟ್ಟಿಕೊಟ್ಟವರು ನಮ್ಮೂರಿನ ರೇಡಿಯೋ ರಿಪೇರಿಯವರು. ನಾವೆಲ್ಲ ಅವರನ್ನು ‘ಮೇಷ್ಟ್ರು’ ಅನ್ನುತ್ತಿದ್ದೆವು. ಹಬ್ಬಕ್ಕೆ 15 ದಿನ ಮುಂಚೆ ಹೊಸ ಜೋಡಿ ವಾಲ್ವ್ ಹಾಕಿಕೊಟ್ಟಿದ್ದರು. ದುಡ್ಡು ಅಪ್ಪನದು. ಗಿಟಾರ್ ಅಂದರೆ ಉರಿದು ಬೀಳುತ್ತಿದ್ದ ಅಪ್ಪ, ಮೇಷ್ಟ್ರು ಹೇಳಿದರೆಂದು ಮಾತ್ರ ಕೊಟ್ಟಿದ್ದರು. ಬೆಳಗಾಗುತ್ತಲೇ ಅಪ್ಪನನ್ನೂ ಕರಕೊಂಡು, ಪೆಟ್ಟಿಗೆ ಹೊತ್ತು ಅಂಗಡಿಗೆ ಹೋದೆ. “ಹಳೇ ಮಾಲು ಕೊಟ್ಟು ಮೋಸ ಮಾಡಿದ್ರಿ! ಇಡೀ ಊರಿನ ಮುಂದೆ ಮಾನ ಕಳೆದ್ರಿ!” ಅಂತ ಬೀದಿಗೆ ಕೇಳುವ ಹಾಗೆ ಕಿರುಚಿದೆ. ಮೇಷ್ಟ್ರು ಪೆಟ್ಟಿಗೆಯ ಹಿಂಭಾಗ ಬಗ್ಗಿ ನೋಡಿದರು. ನನ್ನ ಮುಖ ನೋಡಿದರು. ಅಪ್ಪನ ಮುಖ ನೋಡಿದರು. ಡ್ರಾ ಎಳೆದು, ವಾಲ್ವಿನ ದುಡ್ಡು ಎಣಿಸಿ ಅಪ್ಪನ ಕೈಯಲ್ಲಿಟ್ಟರು. ಒಂದೇ ಒಂದು ಮಾತಿಲ್ಲ! ತಪ್ಪಿತಸ್ಥ ಅಲ್ಲದಿದ್ದರೆ ಸುಮ್ಮನಿರುತ್ತಾನೆಯೇ ಅಂತ ನಾನು ತೀರ್ಪು ಕೊಟ್ಟುಬಿಟ್ಟೆ. ಆಮೇಲೆ 40 ವರ್ಷ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸಿಕ್ಕವರಿಗೆಲ್ಲ ಆ ಕಥೆ ಹೇಳಿದೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಗಿಟಾರ್ ಗೋಡೆ ಸೇರಿತು, ಪೆಟ್ಟಿಗೆ ಅಟ್ಟ ಸೇರಿತು.

ಇಲ್ಲಿಗೆ ಇಂಟರ್ವಲ್.

ಹೋದ ವರ್ಷ ನನ್ನ ಅಕ್ಕನ ಮಗ ಆ ಪೆಟ್ಟಿಗೆ ಇಳಿಸಿದ. ಬೆಂಗಳೂರಿನಲ್ಲಿ ಗಿಟಾರ್ ಬಾರಿಸುವ ಹುಡುಗ. ಧೂಳು ಒರೆಸಿದ್ದೇ ಕಣ್ಣರಳಿಸಿದ. “ಮಾವಾ, ಇದು ವಾಲ್ವ್ ಆಂಪು! ಇದರ ಸೌಂಡಿಗೆ ಜನ ಈಗ ಸಾಯ್ತಾರೆ. ಎರಡು ಪವರ್ ವಾಲ್ವ್ ಹಾಕಿದ್ರೆ ಆಯ್ತು!” ಸರಿ, ಹುಡುಕಾಟ ಶುರು.

ಬೇಕಾಗಿದ್ದದ್ದು ಇಎಲ್84 ಒಂದು ಜೋಡಿ. ಈ ಹೆಸರೇ ಒಂದು ಜಾತಕ ನೋಡಿ. ‘ಇ’ ಅಂದರೆ ಒಳಗಿನ ತಂತಿ ಕಾಯಿಸಲು 6.3 ವೋಲ್ಟು. ‘ಎಲ್’ ಅಂದರೆ ಸ್ಪೀಕರನ್ನು ದುಡಿಸುವ ಪವರ್ ಪೆಂಟೋಡು. ‘8’ ಅಂದರೆ 9 ಪಿನ್ನಿನ ಸಣ್ಣ ಬೇಸು. ಕೊನೆಯ ‘4’ ವಂಶದಲ್ಲಿ ಎಷ್ಟನೆಯದು ಅಂತ. ಇದು ಗೊತ್ತಿಲ್ಲದೆ ಅಳಿಯನ ಗೆಳೆಯನೊಬ್ಬ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಇಎಲ್34 ಹೊತ್ತು ತಂದಿದ್ದ. ಅದು 8 ಪಿನ್ನಿನ ದಪ್ಪ ಆಸಾಮಿ. ನಮ್ಮ ಸಾಕೆಟ್ಟಿನಲ್ಲಿ ಹೋಗುವುದಾದರೂ ಹೇಗೆ? ಅದೇ, ಡಬ್ಬಿಯ ಮೇಲೆ 6ಬಿಕ್ಯೂ5 ಅಂತಿದ್ದರೆ ಹೆದರಬೇಡಿ. ಇಎಲ್84ಕ್ಕೆ ಅಮೆರಿಕದವರು ಇಟ್ಟ ಹೆಸರು ಅದು.

ಒಂದು ಕಾಲವಿತ್ತು, ಇಎಲ್84 ನಮ್ಮ ಬೆಂಗಳೂರಿನಲ್ಲೇ ಹುಟ್ಟುತ್ತಿತ್ತು! ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ. ತುಮಕೂರು ಬಸ್ಸಿನ ಕಂಡಕ್ಟರ್ “ಜಾಲಹಳ್ಳಿ ಕ್ರಾಸ್” ಅಂತ ಕೂಗಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ನಾಲ್ಕು ಇಎಲ್84 ಇರುವ ವಾಕ್ಸ್ ಕಂಪನಿಯ 30 ವಾಟ್ ಪೆಟ್ಟಿಗೆ ಬೀಟಲ್ಸ್ ಹುಡುಗರ ಹಿಂದೆ ಇತ್ತು. ಎರಡಿರುವ ಪೆಟ್ಟಿಗೆ ನನ್ನ ಹಿಂದೆ ಇತ್ತು. ಅಲ್ಲಿಗೆ ನಾನು ಅರ್ಧ ಬೀಟಲ್ ಅಲ್ಲವೇ? ಬಿಇಎಲ್ ಆ ವಾಲ್ವು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಗ ಸಿಗುವುದು ಅಲ್ಲಿ ಇಲ್ಲಿ ಉಳಿದ ಹಳೇ ಸ್ಟಾಕು.

ಹೊಸದು ಬೇಕೆಂದರೆ ರಷ್ಯಾ, ಸ್ಲೊವಾಕಿಯಾ, ಚೀನಾ. “ಮುಲ್ಲಾರ್ಡ್ ತಗೊಳೋಣ ಮಾವಾ, ಇಂಗ್ಲೆಂಡಿಂದು” ಅಂದ ಅಳಿಯ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ವಾಲ್ವ್ ತಯಾರಿಕೆ ಯಾವತ್ತೋ ನಿಂತಿದೆ. ಆ ಹೆಸರಿನಲ್ಲಿ ಬರುವ ಹೊಸ ವಾಲ್ವು ತಯಾರಾಗಿದ್ದು ರಷ್ಯಾದ ಸಾರಾಟೋವ್‌ನಲ್ಲಿ. ಡಬ್ಬಿಂಗ್ ಪಿಕ್ಚರ್ ಇದ್ದ ಹಾಗೆ. ಮುಖ ಒಬ್ಬರದು, ಕಂಠ ಇನ್ನೊಬ್ಬರದು! ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪೋಸ್ಟರ್ ನೋಡಿ ಟಿಕೆಟ್ ತಗೋಬೇಡಿ ಅನ್ನುತ್ತಿದ್ದೇನೆ.

ಎಸ್.ಪಿ. ರೋಡಿಗೆ ಹೋದೆವು. ಗಲ್ಲಿಯೊಳಗಿನ ಒಂದು ಅಂಗಡಿಯಲ್ಲಿ ಕೂತಿದ್ದ ವಯಸ್ಸಾದ ಯಜಮಾನರು ವಾಲ್ವ್ ತೋರಿಸುವ ಮೊದಲೇ ಕೇಳಿದರು, “ಎಚ್.ಟಿ. ಎಷ್ಟಿದೆ?”

ನಾವಿಬ್ಬರೂ ಪಿಳಿಪಿಳಿ.

ಎಚ್.ಟಿ. ಅಂದರೆ ವಾಲ್ವಿನ ಪ್ಲೇಟಿಗೆ ಕೊಡುವ ಹೈ ಟೆನ್ಷನ್ ವೋಲ್ಟೇಜು. ಇಎಲ್84ಕ್ಕೆ 300 ವೋಲ್ಟು ಮಿತಿ. ಅದರ ಪ್ಲೇಟು 12 ವಾಟಿನ ಬಿಸಿ ತಡೆಯುತ್ತೆ, ಅದರ ಮೇಲೆ ಹೋದರೆ ಕೆಂಪಾಗುತ್ತೆ. “ಮೊದಲು ಅಳೆದುಕೊಂಡು ಬನ್ನಿ. ಪೆಟ್ಟಿಗೆ ಎಂಥದ್ದು ಅಂತ ಗೊತ್ತಾಗದೆ ವಾಲ್ವ್ ಕೊಟ್ಟರೆ, ನಾಳೆ ನೀವೇ ಬಂದು ನನ್ನ ಬೈತೀರಿ” ಅಂದರು. ನನಗೆ ಯಾಕೋ ಗಂಟಲು ಒಣಗಿತು.

ಅಳಿಯನಿಗೆ ಪರಿಚಯದ ಟೆಕ್ನೀಷಿಯನ್ ಹುಡುಗ ಪೆಟ್ಟಿಗೆ ಬಿಚ್ಚಿದ. ಗೆಳೆಯರೇ, ಒಂದು ಎಚ್ಚರಿಕೆ: ನೀವು ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟು ಹಾವಿನ ಹಾಗೆ ಸುಮ್ಮನೆ ಮಲಗಿರುತ್ತೆ. ಆ ಹುಡುಗ ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಿ, ಪರೀಕ್ಷೆಗೆಂದು ಒಂದು ಹಳೇ ಜೋಡಿ ಸಿಕ್ಕಿಸಿ, ಮೀಟರ್ ಹಿಡಿದ. 345!

“ಇಷ್ಟು ಹೇಗೆ ಬಂತು?” ಅಂತ ಪೆಟ್ಟಿಗೆ ಮಗುಚಿದ. “ಸರ್, ಇಲ್ಲಿ ಐದನೇ ಸಾಕೆಟ್ ಖಾಲಿ ಇದೆ. ಇಝಡ್81 ಇರಬೇಕಾಗಿತ್ತು, ರೆಕ್ಟಿಫೈಯರ್ ವಾಲ್ವು. ಯಾರೋ ತೆಗೆದು ಕೆಳಗೆ ಬಿವೈ127 ಡಯೋಡ್ ಬೆಸೆದಿದ್ದಾರೆ.”

ಆ ‘ಯಾರೋ’ ಯಾರು ಅಂತ ನನಗೆ ಆಗ ನೆನಪಾಯಿತು. ಮರೆತಿದ್ದೆನೋ, ಮರೆತವನ ಹಾಗೆ ಇದ್ದೆನೋ, ದೇವರಿಗೇ ಗೊತ್ತು. ಹಬ್ಬಕ್ಕೆ ಒಂದು ವಾರ ಮುಂಚೆ, “ಇನ್ನೂ ಜೋರು ಬೇಕು ಮೇಷ್ಟ್ರೇ” ಅಂತ ಪೀಡಿಸಿದ್ದೆ. “ಇದು 15 ವಾಟಿನ ಪೆಟ್ಟಿಗೆ ಕಣೋ, ಅದರ ಕೈಲಿ ಆಗೋದನ್ನ ಅದು ಮಾಡುತ್ತೆ” ಅಂತ ಓಡಿಸಿದ್ದರು. ನಾನು ಸೀದಾ ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಬ್ಬ ಹುಡುಗನ ಹತ್ತಿರ ಹೋದೆ. “ವಾಲ್ವ್ ತೆಗೆದು ಡಯೋಡ್ ಹಾಕಿದ್ರೆ ಪವರ್ ಬರುತ್ತೆ ಗುರು!” ಅಂದ. ಬಂತು! ರೆಕ್ಟಿಫೈಯರ್ ವಾಲ್ವು ಮೆತ್ತಗೆ ಒಂದಿಷ್ಟು ವೋಲ್ಟು ತಾನೇ ನುಂಗಿಕೊಳ್ಳುತ್ತೆ. ಡಯೋಡು ಏನೂ ನುಂಗುವುದಿಲ್ಲ, ಇದ್ದದ್ದನ್ನೆಲ್ಲ ಮುಂದಕ್ಕೆ ತಳ್ಳುತ್ತೆ. ತೆಗೆದ ವಾಲ್ವನ್ನು ಅವನೇ ಕೂಲಿ ಅಂತ ಇಟ್ಟುಕೊಂಡ. 12 ವಾಟ್ ತಡೆಯುವ ಪ್ಲೇಟಿನ ಮೇಲೆ 14 ವಾಟು ಹೊರಿಸಿ, ಮೇಷ್ಟ್ರ ಜೋಡಿಯನ್ನು ಕೊಂದವನು ನಾನು.

“ಚಿಂತೆ ಬೇಡ ಸರ್, 6ಪಿ14ಪಿ-ಇವಿ ಅಂತ ರಷ್ಯಾದ ಗಟ್ಟಿ ಮಾಲು ಇದೆ. ಮಿಲಿಟರಿ ಕೆಲಸಕ್ಕೆ ಅಂತ ಮಾಡಿದ್ದು. ಈ ವೋಲ್ಟೇಜೂ ತಡೆಯುತ್ತೆ” ಅಂದ ಟೆಕ್ನೀಷಿಯನ್. ಅಳಿಯ ಕುಣಿದ. ನಾನು ಬೇಡ ಅಂದೆ. ಯಾಕೆ ಅಂತ ಅವನಿಗೆ ಹೇಳಲಿಲ್ಲ. ಮಾರನೇ ದಿನ ತುಮಕೂರಿನ ಬಸ್ಸು ಹತ್ತಿದೆ.

ಮೇಷ್ಟ್ರಿಗೆ ಈಗ 85 ದಾಟಿದೆ. ಅಂಗಡಿ ಇಲ್ಲ. ಮಗಳ ಮನೆಯ ಜಗುಲಿಯಲ್ಲಿ ಕೂತಿದ್ದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಕಿವಿ ಮಂದ, ಇನ್ನೊಂದು ಸಲ ಹೇಳಿಸಿದರು. ತಪ್ಪೊಪ್ಪಿಗೆ ಒನ್ಸ್ ಮೋರ್!

“ಗೊತ್ತಿತ್ತು ಕಣೋ” ಅಂದರು. “ಐದು ಬಾಟ್ಲಿ ಕೂರಿಸಿದ್ದೆ, ನಾಲ್ಕೇ ಇದ್ದವು. ಅಷ್ಟೂ ಕಾಣಲ್ವೇನೋ ನನಗೆ?”

“ಮತ್ತೆ ಯಾಕೆ ಮೇಷ್ಟ್ರೇ ಹೇಳಲಿಲ್ಲ? ದುಡ್ಡು ಬೇರೆ ಕೊಟ್ರಿ!”

“ನಿಮ್ಮಪ್ಪ ಪಕ್ಕದಲ್ಲೇ ನಿಂತಿದ್ರಲ್ಲ. ಬಾಯಿಬಿಟ್ಟಿದ್ರೆ ಮನೆಗೆ ಹೋದವರೇ ನಿನ್ನ ಗಿಟಾರ್ ಮುರಿದು ಒಲೆಗೆ ಹಾಕ್ತಿದ್ರು. ನಾಳೆ ನಾಡಿದ್ದು ನೀನೇ ಬಂದು ಹೇಳ್ತೀಯ ಅಂದ್ಕೊಂಡೆ.” ಸ್ವಲ್ಪ ಸುಮ್ಮನಿದ್ದು, “ಲೇಟ್ ಮಾಡ್ದೆ” ಅಂದರು.

ಜೇಬಿನಿಂದ ದುಡ್ಡು ತೆಗೆದು ಮುಂದಿಟ್ಟೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಎಣಿಸಿ ಇಟ್ಟುಕೊಂಡರು! ಆಮೇಲೆ ಒಳಗಿನಿಂದ ತಗಡಿನ ಡಬ್ಬ ತರಿಸಿ, ಕೈಯಲ್ಲೇ ತಡಕಾಡಿ ಒಂದು ಇಝಡ್81 ತೆಗೆದುಕೊಟ್ಟರು.

“ಬಿಇಎಲ್ ಇಎಲ್84 ಇದೆಯಾ ಮೇಷ್ಟ್ರೇ?” ಆಸೆಯಿಂದ ಕೇಳಿದೆ.

“ಎರಡಿವೆ. ಒಂದು ಹೊಸದು, ಒಂದು ದುಡಿದು ಸುಸ್ತಾಗಿರೋದು. ಕೋಣಕ್ಕೂ ಕರುವಿಗೂ ಒಂದೇ ನೊಗ ಕಟ್ತೀಯಾ? ಹೆಸರು ಕಟ್ಕೊಂಡು ಏನ್ಮಾಡ್ತೀಯ, ಸಮ ಎಳೆಯೋ ಹೊಸ ಜೋಡಿ ತಗೋ.”

ಸ್ಲೊವಾಕಿಯಾದ ಜೆಜೆ ಕಂಪನಿಯ ಮ್ಯಾಚ್ಡ್ ಪೇರ್ ತಗೊಂಡೆ. ಡಯೋಡ್ ಕಿತ್ತು ಇಝಡ್81 ಕೂರಿಸಿದ ಮೇಲೆ ವೋಲ್ಟೇಜು 300ರ ಹತ್ತಿರ ಬಂತು. ಒಂದೊಂದು ವಾಲ್ವು 36 ಮಿಲಿಆಂಪ್ ಎಳೆಯುತ್ತಿದೆ, ಎರಡೂ ಸಮ. ಗುಣಿಸಿ ನೋಡಿ, 11 ವಾಟಿನ ಒಳಗೇ ಇದೆ.

ಮುಂದಿನ ಭಾನುವಾರ ಪೆಟ್ಟಿಗೆ ಹೊತ್ತು ಮೇಷ್ಟ್ರ ಜಗುಲಿಗೆ ಹೋದೆವು. ಅದೇ ಬಿ.ಜಿ.ಎಂ. ಬಾರಿಸಿದೆ. ಬೆರಳು ಮೊದಲಿನ ಹಾಗೆ ಓಡಲಿಲ್ಲ, ಎರಡು ಕಡೆ ತಪ್ಪಿತು. ಅಳಿಯ ನಕ್ಕ. ಮೇಷ್ಟ್ರು ನನ್ನ ಕಡೆ ನೋಡಲೇ ಇಲ್ಲ. ಮೊಣಕಾಲು ಹಿಡಿದುಕೊಂಡು ಪೆಟ್ಟಿಗೆಯ ಹಿಂದೆ ಬಗ್ಗಿ, ಕೈಯನ್ನು ಬಿಸಿಲಿಗೆ ಅಡ್ಡ ಇಟ್ಟು, ಪ್ಲೇಟ್ ಕೆಂಪಾಗಿದೆಯಾ ಅಂತ ನೋಡುತ್ತಿದ್ದರು.