ಅಂಕವಿಲ್ಲದ ವಿಷಯ

ಜೂನ್ 25, 2025, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಯ ಎತ್ತು ಮನೆಯಲ್ಲೇ ಇರಲಿ, ಶಾಲೆಗೆ ಬೇರೆ ಜೋಡಿ ಮಾಡಿ ತನ್ನಿ ಎಂದು ಎಂಟನೇ ತರಗತಿಯವರಿಗೆ ನಿನ್ನೆಯೇ ಹೇಳಿದ್ದೆ. ಮೇಜಿನ ತುಂಬ ಎರೆಮಣ್ಣಿನ ಎತ್ತುಗಳು, ಗ್ವಾದಲಿಗಳು. ಕಣ್ಣಿಗೆ ಗುಲಗಂಜಿ, ಕೊರಳಿಗೆ ಜೋಳದ ಕಾಳು. ಹಿಂದಿನ ಬೆಂಚಿನ ಒಬ್ಬ ಹುಡುಗನಿದ್ದಾನೆ. ಪೆನ್ಸಿಲ್ ಕೊಟ್ಟರೆ ಸಾಕು, "ನನಗ ಚಿತ್ರ ಬರಂಗಿಲ್ರೀ" ಎಂದು ಹಾಳೆ ಮುಚ್ಚಿಡುತ್ತಾನೆ. ಅವನು ತಂದ ಎತ್ತು ತಲೆ ತಗ್ಗಿಸಿ, ಭಾರವನ್ನೆಲ್ಲ ಮುಂಗಾಲಿಗೆ ಹಾಕಿ ಕುಂಟೆ ಎಳೆಯುವ ಹಾಗೆ ನಿಂತಿತ್ತು. ಯಾರು ಕಲಿಸಿದರು ಎಂದು ಕೇಳಿದೆ. "ಯಾರೂ ಕಲಿಸಿಲ್ರೀ ಅಕ್ಕೋರ, ನಮ್ಮ ಎತ್ತು ಹಿಂಗ ನಿಲ್ಲತೈತಿ."

ಜುಲೈ 17, ಗುರುವಾರ

ಹತ್ತನೆಯವರ ನನ್ನ ಚಿತ್ರಕಲೆ ಪೀರಿಯಡ್ ಇವತ್ತೂ ಗಣಿತಕ್ಕೆ ಹೋಯಿತು. ಕೇಳುವವರು ಮರ್ಯಾದೆಯಿಂದಲೇ ಕೇಳುತ್ತಾರೆ, ಅದೇ ತೊಂದರೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಎಸ್ಸೆಸ್ಸೆಲ್ಸಿಯ 625ರಲ್ಲಿ ನಮ್ಮ ವಿಷಯಕ್ಕೆ ಒಂದು ಅಂಕವೂ ಇಲ್ಲವಲ್ಲ, ವಾದ ಮಾಡುವುದಾದರೂ ಯಾವ ಬಲದ ಮೇಲೆ?

ಆಗಸ್ಟ್ 14, ಗುರುವಾರ

ಸ್ವಾಗತ ಫಲಕ, ರಂಗೋಲಿ, ಬಹುಮಾನ ಪತ್ರಗಳ ಮೇಲೆ ದುಂಡಗೆ ಹೆಸರು. ಇಂಥ ದಿನ ಮಾತ್ರ ಎಲ್ಲರಿಗೂ ನನ್ನ ನೆನಪು.

ಸೆಪ್ಟೆಂಬರ್ 13, ಶನಿವಾರ

ಬಾದಾಮಿಯ ಮಕ್ಕಳಿಗೆ ಗುಡ್ಡ ಬರೀರಿ ಎಂದರೆ ಎಲ್ಲರದೂ ಒಂದೇ ಚಿತ್ರ: ಎರಡು ತ್ರಿಕೋನ, ನಡುವೆ ಸೂರ್ಯ, ಕೆಳಗೆ ಹೊಳೆ, ದಂಡೆಯಲ್ಲಿ ತೆಂಗಿನಮರ. ಗುಡ್ಡಕ್ಕೆ ನೀಲಿ ಬಣ್ಣ! ಕಿಟಕಿಯಾಚೆ ನೆತ್ತಿ ಚಪ್ಪಟೆಯಾದ ಕೆಂಪು ಮರಳುಗಲ್ಲಿನ ಗುಡ್ಡ ಊರಿಗೆ ಊರನ್ನೇ ತಬ್ಬಿಕೊಂಡಿದೆ. ಅದು ಯಾರ ಹಾಳೆಗೂ ಇಳಿದಿಲ್ಲ.

ಇವತ್ತು ಅರ್ಧ ದಿನದ ಶಾಲೆ. ಒಂಬತ್ತನೆಯವರನ್ನು ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂರಿಸಿದೆ. ಬಣ್ಣದ ಡಬ್ಬಿ ಇಲ್ಲದವರೇ ಹೆಚ್ಚು, ಹಾಗಾಗಿ ಕೆಮ್ಮಣ್ಣಿಗೆ ನೀರು, ತುಸು ಗೋಂದು ಹಾಕಿ ಕಲಸಿಕೊಂಡೆವು. ಗೆರೆಗೆ ಒಲೆಯ ಇದ್ದಿಲು. ಬಟ್ಟೆ ಒಗೆಯುತ್ತಿದ್ದ ಹೆಂಗಸರು "ಇದೇನ್ ಸಾಲೀರೀ ಅಕ್ಕೋರ" ಎಂದು ನಕ್ಕರು. ಮೊದಲ ಕಾಲು ಗಂಟೆ ಅಲ್ಲಿಯೂ ತ್ರಿಕೋನಗಳೇ! ಆಮೇಲೆ ಒಬ್ಬಳು ಬಂಡೆಯ ಬಿರುಕನ್ನು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಎಳೆದಳು. ಪಕ್ಕದವನು ಇಣುಕಿ ನೋಡಿ ತನ್ನ ತೆಂಗಿನಮರ ಅಳಿಸಿದ. ಹೀಗೆ ಒಬ್ಬರಿಂದ ಒಬ್ಬರಿಗೆ ಹಬ್ಬುವುದನ್ನು ನೋಡಲಿಕ್ಕೆ ಎಷ್ಟು ಪೀರಿಯಡ್ ಕಳೆದುಕೊಂಡರೂ ನನಗೆ ಚಿಂತೆಯಿಲ್ಲ.

ಬರುವಾಗ ಮೂರನೇ ಗುಹೆ. ಮಂಗಳೇಶನ 578ರ ಶಾಸನ ತೋರಿಸಿದೆ, ಮೇಲೆ ಅಳಿದುಳಿದ ವರ್ಣಚಿತ್ರದ ತುಣುಕು ತೋರಿಸಿದೆ. "ಇವರ ಹಂತೇಕೂ ಬಣ್ಣದ ಡಬ್ಬಿ ಇರಲಿಲ್ಲೇನ್ರೀ?" ಎಂದಳು ಬಿರುಕಿನ ಹುಡುಗಿ. ಬೆಂಗಳೂರಿನಲ್ಲಿ ಕೆನ್ ಕಲಾ ಶಾಲೆ ಕಟ್ಟಿ ಎಷ್ಟೋ ಕಲಾವಿದರನ್ನು ಬೆಳೆಸಿದ ಆರ್.ಎಂ. ಹಡಪದ ಮೇಷ್ಟ್ರು ಹುಟ್ಟಿದ್ದು ಇದೇ ಬಾದಾಮಿಯಲ್ಲಿ ಎಂದು ಹೇಳಿದೆ. ಅವರ ಮನೆ ಯಾವ ಓಣಿಯಲ್ಲಿತ್ತು ಎಂಬುದರ ಮೇಲೆಯೇ ಹುಡುಗರ ಕುತೂಹಲವೆಲ್ಲ.

ನವೆಂಬರ್ 22, ಶನಿವಾರ

ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಯ ತಯಾರಿ. ಕೊಡ, ಚೊಂಬು, ಎರಡು ಪುಸ್ತಕ ಇಟ್ಟು ವಸ್ತುಚಿತ್ರ ಬರೆಸಿದೆ. ಅದೇ ಮಕ್ಕಳು, ಅದೇ ಕೈ. ಆದರೆ ನೆರಳು ಎಷ್ಟು ಕಪ್ಪಾಗಿರಬೇಕು, ಅಂಚು ಬಿಡಬೇಕೋ ಬೇಡವೋ ಎಂದು ಐದೈದು ನಿಮಿಷಕ್ಕೆ ನನ್ನ ಮುಖ ನೋಡುತ್ತಾರೆ. ವಿನ್ಯಾಸದ ಪಾಠದಲ್ಲಿ ಮಾತ್ರ ಒಬ್ಬಳು ಅಜ್ಜಿಯ ಇಳಕಲ್ ಸೀರೆಯ ಸೆರಗಿನಿಂದ ಕಸೂತಿಯ ಗೋಪುರವನ್ನು ಎಳೆ ಎಣಿಸಿ ಇಳಿಸಿದ್ದಳು. ಎತ್ತಿನ ಹುಡುಗ ಅರ್ಜಿಯನ್ನೇ ತುಂಬಲಿಲ್ಲ.

ಚಿತ್ರಕಲೆಗೂ ಅಂಕ ಕೊಡಿ ಎಂದು ಸಂಘದ ಸಭೆಗಳಲ್ಲಿ ಕೂಗಿದವರಲ್ಲಿ ನಾನೂ ಒಬ್ಬಳು. ಈಗಲೂ ಕೂಗುತ್ತೇನೆ, ಇಲ್ಲದಿದ್ದರೆ ಪೀರಿಯಡ್ ಉಳಿಯುವುದಿಲ್ಲ. ಆದರೆ ಅಂಕ ಬಂದ ಮರುವರ್ಷವೇ ಗೈಡು ಬರುತ್ತದೆ. ಎತ್ತು ಹೇಗೆ ನಿಲ್ಲಬೇಕೆಂದು ಗೈಡಿನಲ್ಲಿ ಬರೆದಿರುತ್ತದೆ.

ಜನವರಿ 4, 2026, ಭಾನುವಾರ

ಬನಶಂಕರಿ ಜಾತ್ರೆ. ನಾಟಕ ಕಂಪನಿಗಳ ಬೋರ್ಡುಗಳ ಸಾಲಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ; ಈಗ ಸ್ವಂತ ಫ್ಲೆಕ್ಸ್ ಅಂಗಡಿ. ತಾನೇ ಮಾಡಿದ ಬೋರ್ಡಿನ ಮುಂದೆ ನಿಲ್ಲಿಸಿ, "ಈ ಹಸರು ನೋಡ್ರಿ, ಕಂಪ್ಯೂಟರ್‌ದಾಗ ಒಂದು, ಪ್ರಿಂಟ್‌ದಾಗ ಒಂದು. ಕೈಲೆ ಕಲಸಿದ್ರ ಹಿಂಗ ಆಗ್ತಿದ್ದಿಲ್ಲ" ಎಂದು ಬೈದುಕೊಂಡ. ಜಾತ್ರೆಯ ಆ ಜನಜಂಗುಳಿಯಲ್ಲಿ ಆ ಹಸಿರಿನ ತಕರಾರು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಇರಲಿಲ್ಲ. ಖುಷಿಯಾಯಿತು.

ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದೆ. ಏಳನೆಯದು, ಗಣಿತ, ಸೈನ್ಸ್ ಟ್ಯೂಷನ್ನಿಗೆ ಹಚ್ಚಿದ್ದಾನಂತೆ. ಚಿತ್ರ? "ಚಂದ ತೆಗೀತಾಳ್ರೀ ಅಕ್ಕೋರ. ಆದ್ರ ಅದಕ ಮಾರ್ಕ್ಸ್ ಇಲ್ಲಲ್ರೀ." ನಾನು ಕಲಿಸಿದವನೇ ಹೀಗೆಂದರೆ ಎದೆಗೆ ನಾಟದೆ ಇರುತ್ತದೆಯೇ? ಚಹಾ ಕುಡಿಸಿದ, ದುಡ್ಡು ಕೊಡಲು ಬಿಡಲಿಲ್ಲ. ಹೊರಡುವಾಗ ತಾನೇ ದನಿ ತಗ್ಗಿಸಿ, ಬರುವ ವರ್ಷ ನಿಮ್ಮ ಸಾಲಿಗೇ ಹಚ್ಚತೇನ್ರೀ, ಗ್ರೇಡ್ ಪರೀಕ್ಷೆದ್ದು ಒಂದು ಫಾರ್ಮ್ ತಗದಿಡ್ರಿ ಎಂದ.